ಶಾಖದ ಮುಳ್ಳೂ ನಮ್ಮಕ್ಕನ ಲೈಸೆನ್ಸೂ

ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತ ಮಹನೀಯರೇ, ಹಿಂದಿನ ಬೆಂಚಿನಲ್ಲಿ ಒತ್ತೊತ್ತಾಗಿ ಕೂತ ತಾಯಂದಿರೇ, ಜಾಗ ಸಿಗದೆ ಗೋಡೆಗೆ ಬೆನ್ನು ಕೊಟ್ಟು ನಿಂತ ಪುಣ್ಯಾತ್ಮರೇ, ಒಂದು ಗಳಿಗೆ ಸದ್ದಡಗಲಿ. ಈ ಪತ್ರ ನಿಮಗೆ ಬರೆದದ್ದಲ್ಲ. ವಾಹನ ಮತ್ತು ಚಾಲನಾ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಿಗೆ ಬರೆದದ್ದು. ಮುಚ್ಚಿದ ಲಕೋಟೆಯಲ್ಲಿ ಅವರಿಗೆ ಮೂರು ಸಲ ಬರೆದು ನೋಡಿದೆ. ಮೂರು ಸಲವೂ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆಯೊಂದೇ ವಾಪಸು ಬಂತು. ಆದ್ದರಿಂದ ಈ ಸಲ ಪರದೆ ಎತ್ತಿಯೇ ಓದುತ್ತಿದ್ದೇನೆ. ನೀವು ಕೇಳಿಸಿಕೊಂಡರೆ ಸಾಕು. ಉತ್ತರ ಹೇಳಬೇಕಾದವರು ಬೇರೆ ಇದ್ದಾರೆ.

ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ದೂರು ಇಷ್ಟು: ನೀವು ಕಾರಿನ ಕಣ್ಣು ಕಿತ್ತುಕೊಂಡಿರಿ, ಆಮೇಲೆ ಅದನ್ನು ಓಡಿಸಿದ ನಮ್ಮಕ್ಕನನ್ನು ಕುರುಡಿ ಎಂದಿರಿ.

ಕಳೆದ ವಾರ ಒಂದೇ ದಿನ, ಒಬ್ಬನೇ ಅಂಚೆಯವನ ಕೈಯಲ್ಲಿ, ನಿಮ್ಮ ಕಚೇರಿಯ ಎರಡು ಕಾಗದ ನಮ್ಮ ನಾಟಕ ಮಂಡಳಿಯ ಬಾಗಿಲಿಗೆ ಬಂದವು. ಮೊದಲನೆಯದು, ವಾಹನ ಇಟ್ಟುಕೊಂಡ ಎಲ್ಲ ಸಂಸ್ಥೆಗಳಿಗೂ ಕಳಿಸಿದ ಕರಡು ಸುತ್ತೋಲೆ. ‘ಆಧುನಿಕ ಕಾರುಗಳಲ್ಲಿ ಎಂಜಿನ್ನಿನ ಶಾಖವನ್ನು ಗಣಕವೇ ನಿಯಂತ್ರಿಸುವುದರಿಂದ ಚಾಲಕರ ಕಣ್ಣೆದುರು ತಾಪಮಾಪಕ ಇರಬೇಕಾದ ಅಗತ್ಯವಿಲ್ಲ, ಎಚ್ಚರಿಕೆಯ ಕೆಂಪು ದೀಪವೊಂದೇ ಸಾಕು’ ಎಂದು ಅದರಲ್ಲಿ ಬರೆದಿದೆ. ಈಗಾಗಲೇ ಅನೇಕ ಕಾರುಗಳಲ್ಲಿ ನಡೆದುಕೊಂಡು ಬಂದದ್ದಕ್ಕೆ ಇನ್ನು ಮುಂದೆ ನಿಮ್ಮ ಮುದ್ರೆ ಬೀಳುತ್ತದೆ. ಎರಡನೆಯದು ನಮ್ಮಕ್ಕನ ಹೆಸರಿಗೆ ಬಂದ ನೋಟಿಸು. ‘ಎಚ್ಚರಿಕೆಯ ಕೆಂಪು ದೀಪವನ್ನು ಹನ್ನೊಂದು ನಿಮಿಷ ಕಾಲ ನಿರ್ಲಕ್ಷಿಸಿ, ಸುರಂಗ ಮಾರ್ಗದಲ್ಲಿ ಅಪಾಯ ಉಂಟುಮಾಡಿದ ತಮ್ಮ ಚಾಲನಾ ಪರವಾನಗಿಯನ್ನು ಏಕೆ ಶಾಶ್ವತವಾಗಿ ರದ್ದುಪಡಿಸಬಾರದು’ ಎಂದು ಅದು ಕೇಳುತ್ತದೆ. ಎರಡರ ಕೆಳಗೂ ಒಂದೇ ಸಹಿ, ಬಾಲ ಮೇಲೆತ್ತಿಕೊಂಡ ಅದೇ ಸಹಿ. ಎಡಗೈಯಲ್ಲಿ ‘ನೋಡುವ ಅಗತ್ಯವಿಲ್ಲ’ ಎಂದು ಬರೆದವರೇ ಬಲಗೈಯಲ್ಲಿ ‘ಏಕೆ ನೋಡಲಿಲ್ಲ’ ಎಂದು ಕೇಳಿದ್ದೀರಿ. ಸ್ವಾಮಿ, ನಮ್ಮ ಮಂಡಳಿಯಲ್ಲಿ ಒಬ್ಬನೇ ನಟ ಎರಡು ಪಾತ್ರ ಮಾಡುವಾಗ ನಡುವೆ ಕನಿಷ್ಠ ಮೀಸೆಯನ್ನಾದರೂ ಬದಲಾಯಿಸುತ್ತಾನೆ.

ನಾಳೆ ಬೆಳಗ್ಗೆ ಹತ್ತೂವರೆಗೆ ಆಕೆಯ ವಿಚಾರಣೆ. ಸುತ್ತೋಲೆಗೆ ಆಕ್ಷೇಪಣೆ ಸಲ್ಲಿಸಲು ನಾಳೆ ಸಂಜೆಯೇ ಕೊನೆ. ಈ ಒಂದು ವಾರ ನಾನು ಒಂದು ಕಡೆ ಕೂತಿದ್ದರೆ ಕೇಳಿ. ರಂಗಮಂದಿರದ ಉಡುಪಿನ ಕೋಣೆಯಿಂದ ಬೆಳಕಿನ ಕೋಣೆಗೆ, ಅಲ್ಲಿಂದ ಮತ್ತೆ ಉಡುಪಿನ ಕೋಣೆಗೆ ತಿರುಗಿ ತಿರುಗಿ ನೆಲ ಸವೆಸಿದ್ದೇನೆ. ಕೆಟಲ್ ಕಂಡರೆ ಅದರ ಮೈ ಮುಟ್ಟಿ ನೋಡುತ್ತೇನೆ. ರಂಗದ ದೊಡ್ಡ ದೀಪಗಳ ಡಬ್ಬಿ ಮುಟ್ಟಿ ಬೆರಳು ಸುಟ್ಟುಕೊಳ್ಳುತ್ತೇನೆ. ಎಲ್ಲಿ ಏನು ಒಳಗೊಳಗೇ ಕಾಯುತ್ತಿದೆಯೋ ಎಂಬ ಒಂದೇ ಗುಂಗು. ತಡೆಯಲಾಗದೆ ಈ ಪತ್ರ.

ಮೊದಲು ನಮ್ಮಕ್ಕ ಯಾರು ಎಂದು ಹೇಳುತ್ತೇನೆ. ಕಡತದಲ್ಲಿ ಆಕೆ ‘ಮಹಿಳೆ, ಅರವತ್ತೊಂದು ವರ್ಷ’. ನಮಗೆ ಆಕೆ ಮೂವತ್ತೆರಡು ವರ್ಷ ರಾಣಿ. ಮೈಕಿಲ್ಲದೆ ಕೊನೆಯ ಬೆಂಚಿಗೆ ಪಿಸುಮಾತು ಮುಟ್ಟಿಸಿದವಳು. ಆರು ವರ್ಷದ ಹಿಂದೆ ಗಂಟಲಿಗೆ ಕತ್ತರಿ ಬಿತ್ತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಉಳಿದಿರುವುದು ಒಣ ಎಲೆ ತುಳಿದಂಥ ಒಂದು ಸದ್ದು. ಆ ಮೇಲೆ ನಾಲ್ಕು ತಿಂಗಳು ಆಕೆ ಉಡುಪಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತು, ಹರಿಯದ ಬಟ್ಟೆಗಳನ್ನೂ ಹೊಲಿಯುತ್ತಿದ್ದಳು. ಮಂಡಳಿಯ ವ್ಯಾನಿನ ಚಾಲಕ ಕೆಲಸ ಬಿಟ್ಟ ದಿನ ಎದ್ದು ಬಂದು, ಮೊಳೆಗೆ ನೇತುಹಾಕಿದ್ದ ಕೀಲಿಕೈ ತೆಗೆದುಕೊಂಡಳು. ಯಾರನ್ನೂ ಕೇಳಲಿಲ್ಲ. ಅಂದಿನಿಂದ ಆಕೆ ಊರೂರಿಗೆ ನಮ್ಮನ್ನು ಹೊತ್ತು ತಿರುಗಿದ್ದಾಳೆ, ಒಂದು ಆಟಕ್ಕೂ ತಡವಾಗಿಲ್ಲ. ಸ್ಟಿಯರಿಂಗ್ ಹಿಂದೆ ಕೂತಾಗ ಮಾತ್ರ ಆಕೆಯ ಬೆನ್ನು ಮತ್ತೆ ರಾಣಿಯ ಬೆನ್ನಾಗುತ್ತದೆ. ಆಕೆಯ ಲೈಸೆನ್ಸು ರದ್ದು ಮಾಡುವುದೆಂದರೆ ಒಂದು ಕಾರ್ಡು ಕತ್ತರಿಸುವುದು ಎಂದು ನೀವು ತಿಳಿದಿದ್ದೀರಿ. ಆಕೆಯನ್ನು ಮತ್ತೆ ಆ ಗೋಡೆಯ ಕಡೆ ತಿರುಗಿಸಿ ಕೂರಿಸುವುದು ಎಂದು ನಾನು ತಿಳಿದಿದ್ದೇನೆ.

ಆ ಹಳೇ ವ್ಯಾನಿನಲ್ಲಿ ಶಾಖದ ಮುಳ್ಳು ಇತ್ತು. ಗಾಜಿನ ಹಿಂದೆ ಒಂದು ಬಿಳಿ ಕಮಾನು, ಕೆಳಗೆ ನೀಲಿ ಗೆರೆ, ಮೇಲೆ ಕೆಂಪು ಗೆರೆ, ನಡುವೆ ಏರಿಳಿಯುವ ಒಂದು ಕಿರು ಮುಳ್ಳು. ಅಕ್ಕ ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದಳು. ಸುಮ್ಮನೆ ಇದ್ದರೆ ‘ಅತ್ತೆ ಕೂತಿದಾಳೆ’. ಏರಿನಲ್ಲಿ ಸ್ವಲ್ಪ ಮೇಲೆ ಬಂದರೆ ‘ಅತ್ತೆ ಕೆಮ್ಮಿದಳು’. ಕೆಂಪಿನ ಕಡೆ ಹೊರಟರೆ ‘ಅತ್ತೆ ಎದ್ದಿದಾಳೆ, ಇಳೀರಿ ಎಲ್ರೂ’. ನಾವು ಇಳಿದು ರಸ್ತೆಯ ಬದಿಯಲ್ಲಿ ಸಂಭಾಷಣೆ ಒಪ್ಪಿಸಿಕೊಳ್ಳುತ್ತಿದ್ದೆವು. ಅಕ್ಕ ಬಾನೆಟ್ ಎತ್ತಿ ಕಾಯುತ್ತಿದ್ದಳು. ಹದಿನೈದು ನಿಮಿಷಕ್ಕೆ ಅತ್ತೆ ಸಮಾಧಾನವಾಗುತ್ತಿದ್ದಳು. ಎಂಜಿನ್ನು ಒಂದು ಸಲವೂ ಸುಡಲಿಲ್ಲ. ಆ ಮುಳ್ಳು ಏನು ಮಾಡುತ್ತಿತ್ತು? ಏನೂ ಮಾಡುತ್ತಿರಲಿಲ್ಲ ಸ್ವಾಮಿ, ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ಹೊತ್ತಿಗೆ ಮುಂಚೆ ಹೇಳುತ್ತಿತ್ತು, ಅಷ್ಟೇ.

ವ್ಯಾನಿಗೆ ವಯಸ್ಸಾಯಿತೆಂದು ನಿಮ್ಮದೇ ಕಚೇರಿ ಅದನ್ನು ಗುಜರಿಗೆ ಕಳಿಸಿತು. ಸಾಮಾನು ಸಾಗಿಸಲು ಲಾರಿ ಗೊತ್ತುಮಾಡಿಕೊಂಡು, ಓಡಾಡಲು ಹೊಸ ಕಾರು ಕೊಂಡೆವು. ಅಂಗಡಿಯಲ್ಲಿ ಅಕ್ಕ ಚಾಲಕನ ಸೀಟಿನಲ್ಲಿ ಕೂತು, ಎದುರಿನ ಪರದೆಯನ್ನು ಮೂಲೆಯಿಂದ ಮೂಲೆಗೆ ನೋಡಿ, ‘ಅತ್ತೆ ಎಲ್ಲಿ?’ ಎಂದಳು. ಮಾರಾಟಗಾರ ತುಂಬಾ ಮರ್ಯಾದಸ್ಥ. ಹಿಂದಿನ ಸೀಟು ಬಹಳ ವಿಶಾಲವಾಗಿದೆ, ಹಿರಿಯರು ಕಾಲು ಚಾಚಿ ಕೂರಬಹುದು ಎಂದ. ನಾವು ನಕ್ಕು ಬಿಡಿಸಿ ಹೇಳಿದ ಮೇಲೆ ಅವನೂ ನಕ್ಕ.

“ಅದೆಲ್ಲ ಈಗ ತಲೆನೋವೇ ಇಲ್ಲ ಮೇಡಂ. ನೀವು ರೋಡ್ ನೋಡಿ ಸಾಕು. ಒಳಗಿಂದು ಕಾರೇ ನೋಡ್ಕೊಳ್ಳುತ್ತೆ.”

ಹೊರಗಿನ ಚಳಿ ಎಷ್ಟು ಡಿಗ್ರಿ ಎಂದು ಆ ಕಾರು ತೋರಿಸುತ್ತದೆ. ಯಾವ ಹಾಡು ನಡೆಯುತ್ತಿದೆ, ಯಾರು ಹಾಡಿದ್ದು ಎಂದೂ ತೋರಿಸುತ್ತದೆ. ಬಾಗಿಲು ಅರ್ಧ ಬೆರಳು ತೆರೆದಿದ್ದರೆ ಊರಿಗೆಲ್ಲ ಸಾರುತ್ತದೆ. ಪಕ್ಕದ ಸೀಟಿನ ಮೇಲೆ ಭಾರದ ಚೀಲ ಇಟ್ಟರೆ ಅದಕ್ಕೂ ಬೆಲ್ಟು ಕಟ್ಟಿ ಎಂದು ಗೋಗರೆಯುತ್ತದೆ. ಇಷ್ಟೆಲ್ಲ ಮಾತಾಡುವ ವಾಚಾಳಿ ಯಂತ್ರ, ತನ್ನ ಹೊಟ್ಟೆಯ ಬೆಂಕಿಯ ವಿಷಯ ಬಂದಾಗ ಮಾತ್ರ ಮೌನವ್ರತ ಹಿಡಿದಿದೆ. ಇದು ಪ್ರಗತಿಯೋ, ಮುಚ್ಚುಮರೆಯೋ?

ಇನ್ನು ನಮ್ಮ ಮನೆಯಲ್ಲಿ ಕೆಂಪು ದೀಪ ಎಂದರೆ ಏನು ಎಂಬುದನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಮ್ಮಮ್ಮ ಮಂಡಳಿಯಲ್ಲಿ ಮರೆಯಿಂದ ಮಾತು ಎತ್ತಿಕೊಡುವವಳು. ರಂಗದ ಎಡಮರೆಯಲ್ಲಿ ಆಕೆಯ ಸ್ಟೂಲು, ಸ್ಟೂಲಿನ ಮೇಲ್ಗಡೆ ಒಂದು ಪುಟ್ಟ ಕೆಂಪು ಬಲ್ಬು. ಪ್ರೇಕ್ಷಕರಿಗೆ ಕಾಣದು, ನಟರಿಗೆ ಕಾಣುತ್ತದೆ. ಅದು ಹತ್ತಿತೆಂದರೆ ಅರ್ಥ ಒಂದೇ: ಹಿಂದೆ ಏನೋ ಎಡವಟ್ಟಾಗಿದೆ, ಸರಿಮಾಡುತ್ತಿದ್ದೇವೆ, ನೀವು ನಿಲ್ಲಿಸಬೇಡಿ, ಹೇಗಾದರೂ ನಡೆಸಿ. ಒಮ್ಮೆ ಅರಮನೆಯ ಮೆಟ್ಟಿಲು ಮುರಿದು, ಇಳಿದು ಬರಬೇಕಾದ ದೂತ ಮೇಲೆಯೇ ಸಿಕ್ಕಿಕೊಂಡ. ದೀಪ ಹತ್ತಿತು. ರಂಗದ ಮೇಲೆ ಇದ್ದವರು ರಾಣಿಯಾದ ಅಕ್ಕ, ಮತ್ತು ಈಟಿ ಹಿಡಿದು ನಿಂತ, ಒಂದೂ ಮಾತಿಲ್ಲದ ಕಾವಲುಗಾರ. ಆ ಕಾವಲುಗಾರ ನಾನು. ಅಕ್ಕ ನನ್ನ ಕಡೆ ತಿರುಗಿ, ಹದಿನಾಲ್ಕು ನಿಮಿಷ ನನ್ನನ್ನು ಬೈದಳು. ನಿಂತಲ್ಲೇ ಬೇರು ಬಿಟ್ಟಿದ್ದೀಯಲ್ಲ, ನಿನ್ನನ್ನು ಕಡಿದು ಬಾಗಿಲು ಮಾಡಿಸಿದ್ದರೆ ಕಳ್ಳರಾದರೂ ಹೆದರುತ್ತಿದ್ದರು ಎಂದಳು. ನಾನು ಕಣ್ಣು ಮಿಟುಕಿಸಿದ್ದಕ್ಕೂ ಒಂದು ಬೈಗುಳ ಹೊಸೆದಳು. ಮೆಟ್ಟಿಲು ಸರಿಯಾಗಿ ದೂತ ಇಳಿದು ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಇಡೀ ದೃಶ್ಯ ಬರೆದದ್ದೇ ಹಾಗೆ ಎಂದುಕೊಂಡು. ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಸ್ಟೂಲಿನಲ್ಲಿ ಈಗ ನಾನು ಕೂರುತ್ತೇನೆ. ದೀಪದ ಸ್ವಿಚ್ಚು ನನ್ನ ಕೈಯಲ್ಲಿದೆ. ಅರ್ಥ ಬದಲಾಗಿಲ್ಲ.

ಈಗ ಆ ಮಧ್ಯಾಹ್ನಕ್ಕೆ ಬನ್ನಿ. ಪಕ್ಕದ ಪಟ್ಟಣದಲ್ಲಿ ಸಂಜೆಯ ಆಟ. ಕಾರಿನಲ್ಲಿ ನಾವು ಮೂವರು: ಸ್ಟಿಯರಿಂಗಿನಲ್ಲಿ ಅಕ್ಕ, ಪಕ್ಕದಲ್ಲಿ ನಾನು, ಹಿಂದೆ ಭಾವ. ಭಾವ ಮಂಡಳಿಯಲ್ಲಿ ನಟರಿಗೆ ಬಣ್ಣ ಹಚ್ಚುವವರು. ಮೀಸೆ, ಗಡ್ಡ, ಕೂದಲಿನ ಟೋಪಿ ತುಂಬಿದ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಪ್ರಯಾಣ ಮಾಡುವವರು. ಉದ್ದನೆಯ ಏರು, ಏರಿನ ಕೊನೆಗೆ ಸುರಂಗ. ಒಳಗೆ ಯಾವುದೋ ರಬ್ಬರಿನ ಕೊಳವೆ ಬಿರುಕು ಬಿಟ್ಟು, ಎಂಜಿನ್ ತಂಪು ಮಾಡುವ ನೀರು ತೊಟ್ಟಿಕ್ಕಿ ಹೋಗುತ್ತಿತ್ತು. ನಮಗೇನು ಗೊತ್ತು? ಸುರಂಗದ ನಟ್ಟನಡುವೆ ಎಂಜಿನ್ನು ಒಮ್ಮೆ ನರಳಿ, ಕಚ್ಚಿಕೊಂಡು ನಿಂತೇಬಿಟ್ಟಿತು. ಹಿಂದಿದ್ದ ಲಾರಿಯ ಬ್ರೇಕಿನ ಸದ್ದು ಈಗಲೂ ನನ್ನ ಬೆನ್ನುಹುರಿಯಲ್ಲಿದೆ. ನಮ್ಮ ಬಂಪರಿಗೂ ಅದರ ಮೂತಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಭಾವ ಪೆಟ್ಟಿಗೆ ಅಪ್ಪಿಕೊಂಡು ಕಣ್ಣು ಮುಚ್ಚಿದ್ದರು. ಯಾರಿಗೂ ಏನೂ ಆಗಲಿಲ್ಲ. ಒಂದೂಕಾಲು ಗಂಟೆ ರಸ್ತೆ ಕಟ್ಟಿಹೋಯಿತು, ಆ ಸಂಜೆಯ ಆಟ ನಿಂತಿತು, ನಿಮ್ಮ ಇನ್ಸ್‌ಪೆಕ್ಟರು ಬಂದರು. ದೀಪ ಹತ್ತಿದ್ದು ಕಾಣಲಿಲ್ಲವೇ ಎಂದು ಕೇಳಿದರು. ಅಕ್ಕ ತನ್ನ ಒಣ ದನಿಯಲ್ಲಿ, ಕಾಣಲಿಲ್ಲ, ನಾನು ನೋಡಲಿಲ್ಲ ಎಂದಳು. ಅವರು ಬರೆದುಕೊಂಡರು. ಆಕೆ ಸಹಿ ಹಾಕಿದಳು.

ನೋಟಿಸಿನ ಜೊತೆ ನೀವು ಒಂದು ಪಟ್ಟಿ ಲಗತ್ತಿಸಿದ್ದೀರಿ. ಕಾರಿನ ಕಂಪ್ಯೂಟರಿನ ಹೊಟ್ಟೆಯಿಂದ ತೆಗೆದದ್ದಂತೆ. ಆ ಹಾಳೆಯನ್ನು ನಾನು ಬಾಯಿಪಾಠ ಮಾಡಿದ್ದೇನೆ, ಸಭಿಕರೇ, ನೀವೂ ಕೇಳಿ. ಎರಡು ಐವತ್ತಮೂರಕ್ಕೆ ತೊಂಬತ್ತೆರಡು ಡಿಗ್ರಿ. ಎರಡು ಐವತ್ತೆಂಟಕ್ಕೆ ತೊಂಬತ್ತೊಂಬತ್ತು. ಮೂರು ಮೂರಕ್ಕೆ ನೂರಾ ಆರು. ಮೂರು ಏಳಕ್ಕೆ ನೂರಾ ಹದಿಮೂರು. ಮೂರು ಹನ್ನೆರಡಕ್ಕೆ ನೂರಾ ಇಪ್ಪತ್ತು, ಕೆಂಪು ದೀಪ. ಮೂರು ಇಪ್ಪತ್ತಮೂರಕ್ಕೆ ಎಂಜಿನ್ ಸ್ಥಗಿತ. ಅಂದರೆ ದೀಪ ಹತ್ತುವುದಕ್ಕೆ ಮುಂಚೆ ಪೂರಾ ಹತ್ತೊಂಬತ್ತು ನಿಮಿಷ ಆ ಯಂತ್ರಕ್ಕೆ ತನಗೆ ಜ್ವರ ಏರುತ್ತಿರುವುದು ಡಿಗ್ರಿ ಡಿಗ್ರಿಯಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಳಗೇ ಬರೆದಿಟ್ಟುಕೊಂಡಿತು. ಆಮೇಲೆ ಗ್ಯಾರೇಜಿಗೆ ಹೇಳಿತು, ಕಾರಿನ ಕಂಪನಿಗೆ ಹೇಳಿತು, ನಿಮಗೂ ಹೇಳಿತು. ಅದರ ಎದುರಿಗೇ, ಎರಡು ಗೇಣು ದೂರದಲ್ಲಿ, ಎರಡು ಕಣ್ಣು ಬಿಟ್ಟುಕೊಂಡು ಕೂತಿದ್ದ ನಮ್ಮಕ್ಕ ಒಬ್ಬಳಿಗೆ ಮಾತ್ರ ಹೇಳಲಿಲ್ಲ. ಆ ಹತ್ತೊಂಬತ್ತು ನಿಮಿಷದಲ್ಲಿ ನಾವು ಒಂದು ಪೆಟ್ರೋಲ್ ಬಂಕು, ಒಂದು ಟಯರ್ ಅಂಗಡಿ, ನೆರಳಿರುವ ಎರಡು ತಂಗುದಾಣ ದಾಟಿದೆವು. ಭಾವ ಮೂತ್ರಕ್ಕೆ ನಿಲ್ಲಿಸಿ ಎಂದು ಎರಡು ಸಲ ಅಂಗಲಾಚಿದರು; ಹೊತ್ತಾಗುತ್ತದೆ, ತಡೆದುಕೊಳ್ಳಿ ಎಂದೆವು. ಪರದೆಯ ಮೂಲೆಯಲ್ಲಿ ನೂರಾ ಆರು ಎಂಬ ಮೂರಂಕಿ ಇದ್ದಿದ್ದರೆ ಭಾವನ ಕಷ್ಟವೂ ತೀರುತ್ತಿತ್ತು, ಎಂಜಿನ್ನೂ ಉಳಿಯುತ್ತಿತ್ತು. ಅಳೆಯುವ ಕೆಲಸ ಹೇಗೂ ನಡೆದಿದೆ, ಅಂಕಿ ಸಿದ್ಧವಿದೆ, ಪರದೆ ಬೆಳಗುತ್ತಿದೆ. ತೋರಿಸುವುದಕ್ಕೆ ಏನು ಅಡ್ಡಿ?

ಅಡ್ಡಿ ಏನೆಂದು ನಮ್ಮ ಮೆಕ್ಯಾನಿಕ್ಕನ್ನು ಕೇಳಿದೆ. ಮೂವತ್ತು ವರ್ಷದಿಂದ ಮಂಡಳಿಯ ವ್ಯಾನು ನೋಡಿಕೊಂಡ ಮನುಷ್ಯ. ನಾಟಕಕ್ಕೆ ಕರೆದರೆ ಬಂದು ಮೊದಲ ಅಂಕದಲ್ಲೇ ನಿದ್ದೆಹೋಗುವವನು, ಆದರೆ ಎಂಜಿನ್ನಿನ ವಿಷಯದಲ್ಲಿ ಒಂದು ಸುಳ್ಳು ಹೇಳುವವನಲ್ಲ. ನಾನು ಎರಡೂ ಕೈ ಎತ್ತಿ ಮುಳ್ಳು ತೆಗೆದವರನ್ನು ಶಪಿಸಲು ಶುರು ಮಾಡಿದೆ. ಅವನು ಬಾನೆಟ್ಟಿನ ಒಳಗಿಂದ ತಲೆ ಎತ್ತದೆ, ಹೊಸ ಗಾಡಿಗಳು ಕಾಯುವುದು ತೀರ ಅಪರೂಪ, ಮೊದಲಿನ ಹಾಗೆ ಏರಿಗೊಂದು ಸಲ ನಿಲ್ಲಿಸುವ ಕಾಲ ಹೋಯಿತು, ಅದನ್ನು ಒಪ್ಪಿಕೊಳ್ಳಿ ಎಂದ. ಒಪ್ಪಿದೆ. ಆಮೇಲೆ ಕೈ ಒರಸಿಕೊಳ್ಳುತ್ತ ಹೊರಗೆ ಬಂದ.

“ಮುಳ್ಳು ಕಟ್ಟಿ ಹಾಕಿಸಿದ್ದೇ ನಿಮ್ಮಂಥವ್ರು ಸಾರ್. ಒಂದು ಕೂದಲೆಳೆ ಅಲ್ಲಾಡಿದ್ರೆ ಸಾಕು, ಗಾಡಿ ತಂದು ನಿಲ್ಲಿಸೋರು. ನಿನ್ನೆ ಇಲ್ಲಿತ್ತು, ಇವತ್ತು ಅಲ್ಲಿದೆ, ಏನಾಗಿದೆ ನೋಡು ಅಂತ. ಏನೂ ಆಗಿರ್ತಿರ್ಲಿಲ್ಲ. ಕಂಪನಿಯೋರು ನೋಡಿ ನೋಡಿ ಸಾಕಾಗಿ ಅದನ್ನ ನಡುವೆ ನಿಲ್ಲಿಸ್ಬಿಟ್ರು. ಎಂಬತ್ತಿರ್ಲಿ, ನೂರಿರ್ಲಿ, ನಡುವೇನೇ. ಆಮೇಲೆ ಒಂದೇ ಸಲ ಮೇಲಕ್ಕೆ. ಎಷ್ಟೋ ಗಾಡೀಲಿ ಮುಳ್ಳಿದ್ರೂ ಅದು ನಿಜ ಹೇಳಲ್ಲ. ಇಲ್ದೇ ಇರೋದೇ ವಾಸಿ ಅಂತ ತೆಗೆದಿದಾರೆ.”

ಮಾನ್ಯರೇ, ನಾನು ಅಲ್ಲೇ ಒಂದು ಹಳೇ ಟಯರಿನ ಮೇಲೆ ಕೂತೆ. ಮನೆ ಹೊತ್ತಿ ಉರಿಯುತ್ತಿರುವಾಗ ರಂಗದ ನಡುವೆ ನಿಂತು ಒಂದೇ ನಗು ನಗುತ್ತಿರುವ ನಟನನ್ನು ನಾನು ಬಲ್ಲೆ. ಮುಳ್ಳಿಗೂ ಆ ಪಾಠ ಕಲಿಸಿದ್ದಾರೆ ಎಂದು ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ನಾವೇ ಕೇಳಿ ಮಾಡಿಸಿಕೊಂಡದ್ದು ಎಂಬ ಮಾತು. ನಿಜ ತೋರಿಸಿದರೆ ಗಾಬರಿಯಾಗುತ್ತದೆ ಎಂದು ದೂರಿದವರು ನಾವು. ಗಾಬರಿಯಾಗದಂಥ ಮುಳ್ಳು ಕೊಟ್ಟರು, ಆಮೇಲೆ ಮುಳ್ಳೇ ಬೇಡವೆಂದರು. ಆದ್ದರಿಂದ ಹಳೆಯ ಕಾಲದ ಹಾಡು ಹಾಡುತ್ತಿದ್ದೇನೆ ಎಂದು ನನ್ನ ಅರ್ಜಿಯನ್ನು ಪಕ್ಕಕ್ಕೆ ಸರಿಸಬೇಡಿ. ಸುಳ್ಳು ಮುಳ್ಳು ನನಗೂ ಬೇಡ. ಇರುವ ಅಂಕಿ ಇರುವ ಹಾಗೆ ಕಾಣಲಿ ಎಂದಷ್ಟೇ ಕೇಳುತ್ತಿದ್ದೇನೆ. ಗಾಬರಿಯಾಗುವವರಿಗೆ ಅದರ ಅರ್ಥ ಹೇಳಿಕೊಡಿ. ಡ್ರೈವಿಂಗ್ ಪರೀಕ್ಷೆಯಲ್ಲಿ ಹಿಂದಕ್ಕೆ ಗಾಡಿ ಬಿಡುವುದನ್ನು ಕಲಿಸುತ್ತೀರಿ, ಒಂದು ಅಂಕಿ ಓದುವುದನ್ನು ಕಲಿಸಲಾರಿರಾ? ಬಹುತೇಕ ಚಾಲಕರು ತಾಪಮಾಪಕದ ಕಡೆ ನೋಡುವುದೇ ಇಲ್ಲ ಎಂದು ಸುತ್ತೋಲೆಯ ಎರಡನೇ ಪುಟದಲ್ಲಿ ಬರೆದಿದ್ದೀರಿ. ಇರಬಹುದು. ನೋಡದವರು ಬಹಳ ಮಂದಿ ಇದ್ದಾರೆಂದು ನೋಡುವವರ ಎದುರಿನದನ್ನೂ ತೆಗೆಯುವುದು ಯಾವ ನ್ಯಾಯ? ನಮ್ಮಕ್ಕ ನೋಡುವವಳು.

ಹೌದು, ನೋಡುವವಳು. ಆ ದಿನವೂ ನೋಡಿದಳು.

ಇಲ್ಲಿಯವರೆಗೆ ಗಟ್ಟಿ ಗಂಟಲಿನಲ್ಲಿ ಓದಿದೆ. ಇನ್ನು ಮುಂದಿನದು ನನಗೆ ಹಾಗೆ ಓದಲು ಬರುವುದಿಲ್ಲ. ಹಿಂದಿನ ಬೆಂಚಿನವರು ಸ್ವಲ್ಪ ಮುಂದೆ ಬಾಗಿ.

ಆಕೆಯ ಹೇಳಿಕೆ ಸುಳ್ಳು, ಮಾನ್ಯರೇ. ದೀಪ ಹತ್ತಿದ ಕೂಡಲೇ ಆಕೆ ನೋಡಿದಳು. ನಾನು ಆಗ, ನೀವು ಈಗಾಗಲೇ ಕೇಳಿದ ಅದೇ ಮೆಟ್ಟಿಲಿನ ಕಥೆಯನ್ನು, ಅದನ್ನು ಸಾವಿರ ಸಲ ಕೇಳಿದ ಅವರಿಬ್ಬರಿಗೇ, ಕಾರಿನ ಗಾಜು ನಡುಗುವಂತೆ ಹೇಳುತ್ತಿದ್ದೆ. ಅಕ್ಕ ಕಾಲನ್ನು ಆಕ್ಸಿಲರೇಟರಿನಿಂದ ಎತ್ತಿದಳು. ಸುರಂಗ ಇನ್ನೂ ದೂರವಿತ್ತು. ರಸ್ತೆಯ ಪಕ್ಕದಲ್ಲಿ ಇನ್ನೊಂದು ಪೆಟ್ರೋಲ್ ಬಂಕು, ನೀರಿನ ನಲ್ಲಿ, ಅದರ ಕೆಳಗೆ ಒಂದು ನೀಲಿ ಬಕೆಟ್ಟು. ಆ ಬಕೆಟ್ಟು ಕೂಡ ನನಗೆ ನೆನಪಿದೆ.

“ದೀಪ ಹತ್ತಿದೆ ಕಣೋ. ಕೆಂಪು. ನಿಲ್ಲಿಸ್ಲಾ?”

ಹಿಂದಿನಿಂದ ಭಾವ ಕತ್ತು ಚಾಚಿ ನೋಡಿದರು. ದೀಪದಲ್ಲಿ ಇದ್ದದ್ದು ಅಲೆಯ ಮೇಲೆ ಏನೋ ನೆಟ್ಟಂಥ ಚಿತ್ರ.

“ದೋಣಿ ಇದ್ದಂಗಿದೆಯಲ್ಲೇ. ಮುಂದೆ ಮಳೆ ಇರ್ಬೇಕು.”

ನಾನು ಕಥೆ ನಿಲ್ಲಿಸಲಿಲ್ಲ. ಕಥೆಯ ನಡುವೆಯೇ, ಅಮ್ಮನ ದನಿ ಮಾಡಿ ಹೇಳಿದೆ.

“ಕೆಂಪು ದೀಪ ಅಂದ್ರೆ ಏನು? ಹಿಂದೆ ಏನೋ ಎಡವಟ್ಟಾಗಿದೆ, ಸರಿ ಮಾಡ್ತಿದಾರೆ. ನೀನು ನಿಲ್ಲಿಸ್ಬೇಡ. ನಡೆಸು.”

ಮೂವರೂ ನಕ್ಕೆವು. ಕಾರೇ ನೋಡಿಕೊಳ್ಳುತ್ತದೆ ಎಂದು ಮಾರಾಟಗಾರ ಹೇಳಿದ್ದನಲ್ಲ, ಅದೂ ಇದೂ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ. ಒಳಗೆ ಒಬ್ಬರು ಸರಿಮಾಡುವವರು ಇದ್ದಾರೆ, ನಾವು ಆಟ ನಡೆಸಿದರೆ ಸಾಕು. ಬೇರೆ ಯಾವ ಮನೆಯವರಾದರೂ ಕೆಂಪು ಕಂಡರೆ ನಿಲ್ಲಿಸುತ್ತಿದ್ದರು. ನಮ್ಮ ಮನೆಯವರು ಕೆಂಪು ಕಂಡರೆ ನಡೆಸುತ್ತೇವೆ. ಅಕ್ಕ ಕಾಲನ್ನು ವಾಪಸು ಇಟ್ಟಳು. ಏರಿನಲ್ಲಿ ಕಾರಿಗೆ ಕಸುವು ಕಡಿಮೆಯಾಯಿತೆಂದು ಇನ್ನೂ ಸ್ವಲ್ಪ ಒತ್ತಿದಳು. ಹನ್ನೊಂದು ನಿಮಿಷ. ಅಂದು ರಂಗದ ಮೇಲೆ ಹದಿನಾಲ್ಕು ನಿಮಿಷಕ್ಕೆ ಚಪ್ಪಾಳೆ ಬಿದ್ದಿತ್ತು.

ಇನ್ನೊಂದು ಮಾತು ಇದೆ. ಅದನ್ನು ಅಕ್ಕನೂ ಎಂದೂ ಎತ್ತಿಲ್ಲ. ಆರು ವರ್ಷದ ಹಿಂದೆ ಆಕೆಯ ದನಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಮೂರನೇ ಅಂಕದಲ್ಲಿ ಒಡೆಯುತ್ತಿತ್ತು, ಆಮೇಲೆ ಎರಡನೇ ಅಂಕದಲ್ಲಿ. ಆಮೇಲೆ ಬೆಳಗ್ಗೆ ಎದ್ದು ಮಾತಾಡುವಾಗಲೇ ಬಿರುಕು. ದಿನ ದಿನಕ್ಕೂ ಮೇಲೇರುವ ಮುಳ್ಳು ಅಲ್ಲಿ ಇತ್ತು, ಎಲ್ಲರ ಕಿವಿಗೂ ಕೇಳುತ್ತಿತ್ತು. ವೈದ್ಯರ ಹತ್ತಿರ ಹೋಗಲಾ ಎಂದು ಆಕೆ ಕೇಳಿದಾಗ, ಒಪ್ಪಿಕೊಂಡ ಆಟಗಳು ಮುಗಿಯಲಿ, ಹೇಗಾದರೂ ನಡೆಸು ಎಂದವನು ಯಾರು? ಎಡಮರೆಯ ಸ್ಟೂಲಿನಲ್ಲಿ ಕೂತವನೇ. ಮುಳ್ಳು ಇದ್ದರೂ ನೋಡದವರ ಪಟ್ಟಿಯಲ್ಲಿ, ಸುತ್ತೋಲೆಯ ಎರಡನೇ ಪುಟದಲ್ಲಿ, ನನ್ನ ಹೆಸರನ್ನು ಧಾರಾಳವಾಗಿ ಸೇರಿಸಿಕೊಳ್ಳಿ. ಆದರೆ ಎರಡು ಸಲವೂ ‘ನಿಲ್ಲಿಸ್ಲಾ’ ಎಂದು ಕೇಳಿದವಳು ಆಕೆ ಎಂಬುದನ್ನೂ ಬರೆದುಕೊಳ್ಳಿ.

ಇನ್ಸ್‌ಪೆಕ್ಟರು ಹೋದ ಮೇಲೆ ಸುರಂಗದ ಬಾಯಲ್ಲಿ ನಿಂತು, ಯಾಕೆ ಹಾಗೆ ಹೇಳಿದೆ ಎಂದು ಆಕೆಯನ್ನು ಕೇಳಿದೆ. ಆಕೆ ಕೈಯಲ್ಲಿದ್ದ ಕೀಲಿಕೈಯನ್ನು ನನ್ನ ಅಂಗಿಯ ಜೇಬಿಗೆ ಹಾಕಿದಳು.

“ನಿನ್ನ ಹೆಸರು ಬಂದ್ರೆ ನಿನ್ನ ಲೈಸೆನ್ಸೂ ಕೇಳ್ತಾರೆ. ಎರಡೂ ಹೋದ್ರೆ ಮಂಡಳಿ ಗಾಡಿ ಯಾರು ನಡೆಸ್ತಾರೆ? ನಾನೊಬ್ಬಳು ಕುರುಡಿ ಅನ್ನಿಸ್ಕೊಂಡ್ರೆ ಸಾಕು. ನೀನು ಬಾಯಿ ಮುಚ್ಕೊಂಡಿರು. ಒಂದು ಸಲನಾದ್ರೂ.”

ಬಾಯಿ ಮುಚ್ಚಿಕೊಂಡಿರುವ ಪ್ರಯತ್ನ ಮಾಡಿದೆ. ಮೂರು ಪತ್ರ ಬರೆದೆ. ಮೂರರಲ್ಲೂ ಸುತ್ತೋಲೆಯನ್ನು ಹಳಿದೆ, ನಿಮ್ಮನ್ನು ಹಳಿದೆ, ಇದೊಂದನ್ನು ಬಿಟ್ಟೆ. ಈ ವಾರ ಆಕೆ ಮತ್ತೆ ಉಡುಪಿನ ಕೋಣೆಗೆ ಹೋಗಿ ಕೂತಿದ್ದಾಳೆ. ನಿನ್ನೆ ಬಾಗಿಲಿನಿಂದ ಇಣುಕಿದೆ. ಕುರ್ಚಿ ಗೋಡೆಯ ಕಡೆಗಿತ್ತು. ತೊಡೆಯ ಮೇಲೆ ರಾಣಿಯ ಹಳೇ ಸೆರಗು, ಅದರಲ್ಲಿ ಒಂದೂ ಹರುಕಿರಲಿಲ್ಲ.

ನನ್ನ ಬೇಡಿಕೆ ಹೀಗಿದೆ. ಆ ಸುತ್ತೋಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಕಾರಿಗೆ ತನ್ನ ಶಾಖ ಎಷ್ಟೆಂದು ಗೊತ್ತಿರುವ ತನಕ, ಅದನ್ನು ಓಡಿಸುವವರಿಗೂ ಅಷ್ಟೇ ಗೊತ್ತಿರಲಿ. ಮುಳ್ಳಾದರೂ ಸರಿ, ಅಂಕಿಯಾದರೂ ಸರಿ, ನಡುವೆ ಕಟ್ಟಿಹಾಕದ ನಿಜ ಇರಲಿ. ಕೆಂಪು ದೀಪವನ್ನು ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ, ಆದರೆ ಅದರ ಪಕ್ಕದಲ್ಲಿ ‘ನಿಲ್ಲಿಸಿ’ ಎಂಬ ಒಂದು ಪದ ಬರೆಸಿ. ದೋಣಿಯ ಚಿತ್ರ ನಮ್ಮ ಭಾವನಂಥವರಿಗೆ ಸಾಲದು. ನಮ್ಮಕ್ಕನ ಮೇಲಿನ ನೋಟಿಸನ್ನು ರದ್ದುಪಡಿಸಿ. ರದ್ದುಪಡಿಸಲೇಬೇಕಾದ ಲೈಸೆನ್ಸು ಒಂದು ಇದೆ, ಅದನ್ನು ನಾನೇ ತಂದುಕೊಡುತ್ತೇನೆ.

ಮಂಡಳಿಯ ಗಾಡಿ ಯಾರು ನಡೆಸುತ್ತಾರೆ ಎಂಬ ಆಕೆಯ ಪ್ರಶ್ನೆಗೆ ನನಗೆ ಇರುವ ಉತ್ತರ ಒಂದೇ: ಆಕೆಯೇ.

ಇಂದು ಮಧ್ಯಾಹ್ನ ಗುಜರಿಯವನ ಹತ್ತಿರ ಹೋಗಿದ್ದೆ. ನಮ್ಮ ವ್ಯಾನಿನ ಮುಂಭಾಗ ಇನ್ನೂ ಅವನ ಹಿತ್ತಲಿನಲ್ಲಿ ಬಿದ್ದಿತ್ತು. ಶಾಖದ ಮುಳ್ಳನ್ನು ಅದರ ಗಾಜು, ಕಮಾನಿನ ಸಮೇತ ಬಿಚ್ಚಿಸಿಕೊಂಡು ಬಂದಿದ್ದೇನೆ. ಈಗ ಈ ಕಾಗದದ ಮೇಲೆ ಕೂತಿದೆ. ಅತ್ತೆ ನೀಲಿ ಗೆರೆಯ ಕೆಳಗೆ ತಣ್ಣಗಿದ್ದಾಳೆ.

ನಾಳೆ ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಡುತ್ತೇನೆ, ನಡೆದುಕೊಂಡೇ ಬರುತ್ತೇನೆ. ಹತ್ತೂವರೆಗೆ ನಿಮ್ಮ ವಿಚಾರಣೆಯ ಕೋಣೆಯಲ್ಲಿ, ಅಕ್ಕ ಬಾಯಿ ತೆರೆಯುವುದಕ್ಕೆ ಮುಂಚೆ, ಎದ್ದು ನಿಲ್ಲುತ್ತೇನೆ. ಈ ಮುಳ್ಳನ್ನೂ ನನ್ನ ಲೈಸೆನ್ಸನ್ನೂ ನಿಮ್ಮ ಮೇಜಿನ ಮೇಲೆ ಅಕ್ಕಪಕ್ಕ ಇಡುತ್ತೇನೆ. ಆಕೆ ನಿಲ್ಲಿಸಲು ಹೊರಟಿದ್ದಳು, ನಾನು ಬೇಡವೆಂದೆ ಎಂದು ಒಂದೇ ವಾಕ್ಯ, ಕೊನೆಯ ಬೆಂಚಿಗೆ ಕೇಳಿಸದಷ್ಟು ಮೆಲ್ಲಗೆ, ಹೇಳುತ್ತೇನೆ. ಆಮೇಲೆ ಆಕೆಯ ಕೀಲಿಕೈಯನ್ನು ಆಕೆಯ ಕೈಗೆ ವಾಪಸು ಕೊಟ್ಟು, ನೀವು ಏನು ಬರೆಯುತ್ತೀರೋ ಅದನ್ನು ನಿಂತುಕೊಂಡೇ ನೋಡುತ್ತೇನೆ.

ಇಂತಿ,
ಆ ದಿನ ಪಕ್ಕದ ಸೀಟಿನಲ್ಲಿ ಕೂತು ‘ನಡೆಸು’ ಎಂದವನು